ಮೂರನೆಯ ಗಂಡನ ಸಾಕ್ಷಿ

ರಂಗದ ಮೇಲಿನ ಹೆಂಡತಿ ಗಂಡನನ್ನು ಊಟದ ಮೇಜಿನ ಬಳಿಯೇ ಮುಗಿಸಿ, ನೆಲದ ನೆತ್ತರು ತೊಳೆಯಲು ಹೊಗೆಯಾಡುವ ನೀರು ತಂದಳು. ನಾಟಕಶಾಲೆಯ ಅಂಗಳದಲ್ಲಿ ನಿಂತು ನೋಡುತ್ತಿದ್ದವರೆಲ್ಲ ಉಸಿರು ಬಿಗಿಹಿಡಿದಿದ್ದರು. ಥಾಮಸಿನ್ ಪಾರ್ಗೆಟರಿಗೆ ಮಾತ್ರ ತಡೆಯಲಾಗಲಿಲ್ಲ.

“ಬಿಸಿನೀರು ಹಾಕ್ಬೇಡ್ವೇ, ರಕ್ತ ಕಚ್ಕೊಂಡ್ಬಿಡುತ್ತೆ. ತಣ್ಣೀರು ಹಾಕು!”

ನಾಟಕ ನಿಂತಿತು. ಸತ್ತಿದ್ದ ಗಂಡನೂ ತಲೆಯೆತ್ತಿ ನೋಡಿದ.

ಥಾಮಸಿನ್ ಥೇಮ್ಸ್ ದಂಡೆಯ ಬ್ಯಾಂಕ್‌ಸೈಡ್ ಕೇರಿಯ ಕಟುಕ ಗಿಲ್ಬರ್ಟನ ಹೆಂಡತಿ. ರಾಜರು ಸಾಯುವ ನಾಟಕಗಳಿಗೆ ಅವಳು ಹೋದವಳಲ್ಲ. ಅವರಿಗೆ ಅಳುವವರು ಬೇಕಾದಷ್ಟಿದ್ದಾರೆ ಎನ್ನುತ್ತಿದ್ದಳು. ಪಕ್ಕದ ಬೀದಿಯಂಥ ಬೀದಿ, ನಮ್ಮನಿಮ್ಮಂಥ ಗಂಡಹೆಂಡಿರು, ಅಲ್ಲೊಂದು ಕೊಲೆ ಎಂದರೆ ಒಲೆಯ ಮೇಲಿನ ಗಂಜಿಯನ್ನೂ ಬಿಟ್ಟು ಓಡುತ್ತಿದ್ದಳು. ಉಳಿದಂತೆ, ಕಲೆ ಎಂದರೆ ಅವಳ ಪಾಲಿಗೆ ಗಂಡನ ಅಂಗಿಯಿಂದ ಉಜ್ಜಿ ತೆಗೆಯುವಂಥದ್ದು.

ಆದರೆ ಊರಿನ ನಂಬಿಕೆಯೇ ಬೇರೆ. ಇಂಥ ನಾಟಕ ನೋಡುವಾಗ ಕೊಲೆ ಮಾಡಿದವರ ಬಾಯಿಂದ ನಿಜ ತಾನಾಗಿ ಹೊರಬೀಳುತ್ತದಂತೆ. ಥಾಮಸಿನ್ ಮೊದಲ ಗಂಡನನ್ನು ಥೇಮ್ಸ್ ನದಿಗೂ ಎರಡನೆಯವನನ್ನು ಪ್ಲೇಗಿಗೂ ಕೊಟ್ಟವಳೆಂಬುದು ಅಲ್ಲಿ ಯಾರಿಗೆ ಗೊತ್ತಿರಲಿಲ್ಲ? ಮೂರನೆಯವನಿಗೂ ತಣ್ಣೀರು ಕಾದಿದೆ ಎಂದು ಹಿಂದಿನಿಂದ ಯಾರೋ ಚುಚ್ಚಿದರು.

ನಾಟಕ ನೋಡಲೆಂದೇ ಬಂದಿದ್ದ ಕಾನ್‌ಸ್ಟೇಬಲ್ ಹಾಬ್‌ಡೇಗೆ ಕರ್ತವ್ಯ ನೆನಪಾಯಿತು. ಅವಳ ರಟ್ಟೆ ಹಿಡಿದು ಬಾಗಿಲಾಚೆ ನಿಲ್ಲಿಸಿ ಗಿಲ್ಬರ್ಟನಿಗೆ ಹೇಳಿಕಳಿಸಿದ. ಗಂಡನೂ ಅನುಮಾನಪಟ್ಟರೆ ಸೆರೆಮನೆ ಖಚಿತ, ಆಮೇಲಿನದು ದೇವರಿಗೇ ಗೊತ್ತು. ಗಂಡನನ್ನು ಕೊಂದವಳನ್ನು ಸುಡುವ ಕಾಲ ಅದು.

ಗಿಲ್ಬರ್ಟ್ ಸೊಂಟದ ಚೂರಿಯ ಸಮೇತ ಏದುಸಿರು ಬಿಡುತ್ತ ಬಂದ. ಇವಳ ಮೇಲೆ ನಿನಗೇನಾದರೂ ಅನುಮಾನವಿದೆಯೇ ಎಂದು ಹಾಬ್‌ಡೇ ಕೇಳಿದ. ಗಿಲ್ಬರ್ಟ್ ಹೆಂಡತಿಯನ್ನು ನೋಡಿದ, ಗಡ್ಡ ಕೆರೆದುಕೊಂಡ. ಥಾಮಸಿನ್‌ಗೆ ಹಿಡಿಸದಷ್ಟು ಹೊತ್ತು ಕೆರೆದುಕೊಂಡ.

“ಮನೆಗೆ ರಕ್ತ ತರೋನು ನಾನು ಸ್ವಾಮಿ, ಒಗೆಯೋಳು ಇವಳು,” ಎಂದ ಕೊನೆಗೆ. “ಇವಳ ಕೈಯಡಿಗೆ ತಿಂದೇ ಈ ಹೊಟ್ಟೆ ಬೆಳೆಸಿದ್ದು. ನೀವೇ ನೋಡಿ, ವಿಷ ತಿಂದ ಹೊಟ್ಟೆ ಥರ ಕಾಣುತ್ತಾ?”

ಹಾಬ್‌ಡೇ ನೋಡಿದ. ಅಷ್ಟು ದೊಡ್ಡ ಸಾಕ್ಷಿಯನ್ನು ತಳ್ಳಿಹಾಕುವುದು ಯಾವ ಕಾನೂನಿಗೂ ಸಾಧ್ಯವಿರಲಿಲ್ಲ. ರಟ್ಟೆ ಬಿಟ್ಟು, ಅರ್ಧಕ್ಕೆ ನಿಂತ ಕೊಲೆ ನೋಡಲು ಒಳಗೆ ಓಡಿದ.

ದಾರಿಯಲ್ಲಿ ಇಬ್ಬರೂ ಬಿಸಿಬಿಸಿ ಮೀನಿನ ಕಡುಬು ಕೊಂಡು ತಿನ್ನುತ್ತ ನಡೆದರು. ನದಿಯ ಗಾಳಿ ಹಿತವಾಗಿತ್ತು. ಗಿಲ್ಬರ್ಟ್ ಕಡುಬಿನ ಕೊನೆಯ ತುಂಡನ್ನು ಬಾಯಿಗೆ ಹಾಕಿಕೊಂಡ.

“ಅಲ್ಲ ಕಣೇ,” ಎಂದ ಆಮೇಲೆ, “ಸಿಟ್ಟಲ್ಲಾದ್ರೂ ಸರಿ, ನನ್ನ ಮುಗಿಸ್ಬಿಡೋಣ ಅಂತ ಒಂದ್ಸಲಾನಾದ್ರೂ ಅನ್ನಿಸಿದ್ದುಂಟಾ?”

ಥಾಮಸಿನ್ ಬೆರಳು ನೆಕ್ಕುತ್ತ ಪ್ರಾಮಾಣಿಕವಾಗಿ ಯೋಚಿಸಿದಳು.

“ಅನ್ನಿಸಿತ್ತು. ಆದ್ರೆ ಕಾಲೊರೆಸ್ಕೊಂಡು ಒಳಗೆ ಬರೋದನ್ನ ಮೂರು ಜನಕ್ಕೆ ಕಲಿಸಿ ಸಾಕಾಗಿದೆ. ನಾಲ್ಕನೆಯವನಿಗೆ ಮೊದಲಿಂದ ಕಲಿಸೋದು ನನ್ನ ಕೈಲಾಗಲ್ಲ.”