ಕಿಟಕಿಗೆ ಮುಖ ಮಾಡಿ ನಿಂತ ಗಣಿತದ ಸರ್

…ಅಥವಾ ಆ ಕಿಟಕಿ ಹಳ್ಳದ ಕಡೆಗೆ ಇರಲೇ ಇಲ್ಲವೋ ಏನೋ. ಆಣೆ ಮಾಡಿ ಹೇಳಲಾರೆ. ಶಾಲೆಯ ಹಂಚಿನ ಕೋಣೆಗಳ ಸಾಲು ಕೆಡವಿ ಅಲ್ಲಿ ಹೊಸ ಕಟ್ಟಡ ಎಬ್ಬಿಸಿದ್ದಾರೆ, ಬಾಗಿಲುಗಳ ದಿಕ್ಕೇ ಬದಲಾಗಿದೆ. ಖಾತ್ರಿಯಾಗಿ ಹೇಳಬಲ್ಲದ್ದು ಬೆನ್ನಿನ ಬಗ್ಗೆ ಮಾತ್ರ. ಬಿಳಿ ಅಂಗಿ, ಭುಜಗಳ ನಡುವೆ ಬೆವರಿನ ಉದ್ದನೆಯ ಕಲೆ, ಕಾಲರಿನ ಮೇಲೆ ಕತ್ತಿನ ಎರಡು ಮಡಿಕೆ, ಆ ಮಡಿಕೆಗಳೊಳಗೆ ಸೀಮೆಸುಣ್ಣದ ಪುಡಿ. ಗಣಿತದ ಸರ್ ಅಂದರೆ ನನಗೆ ಮೊದಲು ಬರುವುದು ಅವರ ಮುಖವಲ್ಲ, ಆ ಬೆನ್ನು.

ಕಲಘಟಗಿ ತಾಲ್ಲೂಕಿನ ನಮ್ಮ ಹೈಸ್ಕೂಲಿನಲ್ಲಿ ವಿಷಯಕ್ಕೊಬ್ಬರು ಇದ್ದರು, ವಿಷಯಕ್ಕೊಂದು ಹೆದರಿಕೆಯೂ ಇತ್ತು. ಕನ್ನಡದ ಸರ್ ಸಿಟ್ಟು ಬಂದರೆ ಹಳಗನ್ನಡದಲ್ಲಿ ಬೈಯುತ್ತಿದ್ದರು. ಅರ್ಥವಾಗುತ್ತಿರಲಿಲ್ಲವಾದ್ದರಿಂದ ಅರ್ಧ ಹೆದರಿಕೆ ಅಲ್ಲಿಯೇ ಇಳಿಯುತ್ತಿತ್ತು. ಹಿಂದಿ ಮೇಡಂ ಕಿವಿ ಹಿಂಡುತ್ತಿದ್ದರು, ಸಂಜೆಗೆ ಮರೆತುಹೋಗುತ್ತಿತ್ತು. ಸಮಾಜದ ಸರ್ ನಕಾಶೆಯ ಕೋಲಿನಿಂದ ಮೇಜು ಬಡಿಯುತ್ತಿದ್ದರು. ವಿಜ್ಞಾನ ಮಾತ್ರ ಎರಡು ಹೋಳು: ಗಿಡ, ಪ್ರಾಣಿ, ರಸಾಯನವೆಲ್ಲ ವಿಜ್ಞಾನದ ಮೇಡಂ ಪಾಲಿಗೆ, ಭೌತಶಾಸ್ತ್ರ ಗಣಿತದ ಜೊತೆ ಈ ಸರ್ ಪಾಲಿಗೆ. ಇವರು ಯಾರಿಗಾದರೂ ಹೊಡೆದದ್ದನ್ನು ನಾನು ನೋಡಿಲ್ಲ. ಆದರೂ ಇವರ ತಾಸಿಗೆ ನಾನು ಹಿಂದಿನ ಬೆಂಚಿಗೆ ಸರಿಯುತ್ತಿದ್ದೆ.

ಅವರ ಪದ್ಧತಿ ಹೀಗಿತ್ತು. ಒಬ್ಬರನ್ನು ಬೋರ್ಡಿಗೆ ಕರೆದು, ಲೆಕ್ಕ ಹೇಳಿ, ತಾವು ಹೋಗಿ ಕಿಟಕಿಯಲ್ಲಿ ನಿಲ್ಲುವುದು. ತಿರುಗಿ ನೋಡುತ್ತಿರಲಿಲ್ಲ. ಸೀಮೆಸುಣ್ಣದ ಸದ್ದು ಕೇಳಿಯೇ ಎಲ್ಲಿ ತಪ್ಪಿತು ಎಂದು ಅವರಿಗೆ ತಿಳಿಯುತ್ತಿತ್ತು. ಅಥವಾ ತಿಳಿಯುತ್ತದೆ ಎಂದು ನಾವು ನಂಬಿದ್ದೆವು. ಕೈ ನಿಂತರೆ "ಮುಂದ" ಅನ್ನುತ್ತಿದ್ದರು. ಬಾಯಿಗೆ ಬಂದದ್ದನ್ನು ಹೇಳಿದರೆ ಆ ಬೆನ್ನು ಸ್ವಲ್ಪ ಬಿಗಿಯಾಗುತ್ತಿತ್ತು. "ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನು. ಅಂದಾಜಿಲೆ ಹೇಳಬ್ಯಾಡ." ಮುಖ ಕಾಣದ ಮನುಷ್ಯನ ಸಿಟ್ಟು ಎಷ್ಟಿದೆ ಎಂದು ಅಳೆಯುವುದು ಹೇಗೆ? ನಮ್ಮ ಹೆದರಿಕೆಯೆಲ್ಲ ಅಲ್ಲಿತ್ತು.

ನಮ್ಮ ಊರು ಹಳ್ಳದ ಆಚೆ. ಶಾಲೆಗೂ ಊರಿಗೂ ನಡುವೆ ಕಟ್ಟೆಯಿಲ್ಲದ ಒಂದು ತಗ್ಗು ಸೇತುವೆ. ಮೇಲೆ ಧಾರವಾಡದ ಕಡೆ ಎಲ್ಲೋ ಮಳೆ ಬಿದ್ದರೆ, ನಮ್ಮಲ್ಲಿ ಬಿಸಿಲಿರುವಾಗಲೇ ಹಳ್ಳ ಬರುತ್ತಿತ್ತು. ನೀರು ತುಂಬಿ ಇಳಿಯುವುದಕ್ಕೆ ಎಲ್ಲರೂ ಹಾಗೆಯೇ ಅನ್ನುವುದು, ಬೀಗರು ಬಂದರು ಅಂದಹಾಗೆ. ಎಂಟನೆಯ ತರಗತಿಯಲ್ಲಿದ್ದ ನನ್ನ ತಮ್ಮ, ಅವನ ತರಗತಿ ಮೊದಲು ಬಿಟ್ಟರೆ, ಸೇತುವೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ನನಗಾಗಿ ಕಾಯುತ್ತಿದ್ದ. ಅಕ್ಕನನ್ನು ಬಿಟ್ಟು ಮನೆಗೆ ಬರಕೂಡದು ಎಂದು ಅವ್ವನ ಕಟ್ಟಪ್ಪಣೆ.

ಆ ದಿನ ಬೋರ್ಡಿನ ಮುಂದೆ ನಾನಿದ್ದೆ. ಹತ್ತನೆಯ ತರಗತಿಯ ಪ್ರಮೇಯ: ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆ ಉಳಿದೆರಡು ಬಾಹುಗಳನ್ನು ಸಮಾನುಪಾತದಲ್ಲಿ ವಿಭಾಗಿಸುತ್ತದೆ. ಚಿತ್ರ ಬರೆದೆ, ಲಂಬ ಎಳೆದೆ, ನಿಂತೆ.

"ಮುಂದ."

ಏನೋ ಅಂದೆ. ಬೆನ್ನು ಬಿಗಿಯಾಯಿತು. "ಅಂದಾಜ ಬ್ಯಾಡ."

ಗಂಟೆ ಹೊಡೆಯಿತು. ಉಳಿದ ತರಗತಿಗಳು ಗದ್ದಲ ಮಾಡುತ್ತ ಹೊರಬಿದ್ದವು. ನಮ್ಮವರು ಚೀಲಕ್ಕೆ ಕೈಹಾಕಿದರು.

"ಕೂಡ್ರಿ," ಅಂದರು ಸರ್, ತಿರುಗದೆ.

ಮುಂದಿನ ಬೆಂಚಿನ ಗೆಳತಿ ಪಿಸುಗುಟ್ಟಿದಳು, "ಇವತ್ತ ರೊಟ್ಟಿ ಇಲ್ಲೇ ತರಿಸೂಣು ಬೇ. ನೀ ಆ ತ್ರಿಭುಜದಾಗ ಮಲ್ಕೋ, ನಾವ್ ಬೆಂಚಿನ ಮ್ಯಾಲ." ನನಗೆ ನಗು ಬರಲಿಲ್ಲ. ಕೈಯಲ್ಲಿದ್ದ ಸುಣ್ಣ ಬೆವರಿಗೆ ಮೆತ್ತಗಾಗಿತ್ತು.

ಸ್ವಲ್ಪ ಹೊತ್ತಿಗೆ ವಿಜ್ಞಾನದ ಮೇಡಂ ಬಾಗಿಲಿಗೆ ಬಂದರು. "ಸರ್ರ, ಹಳ್ಳದಾಚಿ ಹುಡುಗೂರು ಅದಾವಲ್ರಿ. ಬಿಡ್ರಿ ಇನ್ನ."

"ಪ್ರಮೇಯ ಮುಗದಿಲ್ರಿ ಮೇಡಂ."

"ನಾಳಿಗೆ ಮುಗಸ್ರೆಲಾ. ಅದೇನ್ ಓಡಿ ಹೋಗ್ತೈತೇನ್ರಿ?"

"ಮುಗದಿಲ್ರಿ," ಅಂದರು ಮತ್ತೆ. ಮೇಡಂ ಮುಖ ಸಿಂಡರಿಸಿ ಹೋದರು.

ಆಮೇಲೆ ತುಂಬಿದ ಲಾರಿ ದೂರದಲ್ಲಿ ಗೇರು ಬದಲಿಸಿದಂಥ ಸದ್ದು. ಸದ್ದು ಮೊದಲೋ, ಸರ್ ಕಿಟಕಿಯ ಸರಳು ಹಿಡಿದದ್ದು ಮೊದಲೋ? ಎಷ್ಟು ಸಲ ಈ ಜಾಗಕ್ಕೆ ಬಂದು ನಿಂತಿದ್ದೇನೋ, ಪ್ರತಿ ಸಲವೂ ಬೇರೆ ಬೇರೆ ಕಾಣುತ್ತದೆ. ಅಷ್ಟರಲ್ಲಿ ಶಾಲೆಯ ಸಿಪಾಯಿ ಅಂಗಳದಲ್ಲಿ ಒದರುತ್ತ ಓಡಿದ. "ಹಳ್ಳ ಬಂತ್ರೋ! ಸೇತುವಿ ಮುಳಗೇತಿ!"

ನಾನು ಸುಣ್ಣ ಬಿಸಾಡಿ ಓಡಿದೆ. ತಮ್ಮ ಸೇತುವೆಯ ಮೇಲೆ ಕೂತಿರುತ್ತಾನೆ. ನಾನು ಬೇಗ ಬರಲಿಲ್ಲವಾದ್ದರಿಂದ ಇನ್ನೂ ಕೂತಿರುತ್ತಾನೆ. ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ಹಳ್ಳದ ದಂಡೆಗೆ ಬಂದಾಗ ಸೇತುವೆ ಇರಬೇಕಾದಲ್ಲಿ ಕೆಂಪು ನೀರು, ಅದರೊಳಗೆ ಒಂದಿಡೀ ಜಾಲಿ ಗಿಡ ಬೇರು ಮೇಲಾಗಿ ಹೊರಳುತ್ತ ಹೋಗುತ್ತಿತ್ತು. ಆಚೆ ದಂಡೆಯಲ್ಲಿ ಎಂಟನೆಯ ತರಗತಿಯ ಹುಡುಗರು ನಿಂತಿದ್ದರು, ದಾಟಿ ಹೋದವರು. ಅವರೊಳಗೆ ಅವನಿರಲಿಲ್ಲ. ನಾನು ಅವನ ಹೆಸರು ಹಿಡಿದು ಕೂಗಿದೆನಂತೆ. ನನ್ನ ದನಿ ನನಗೆ ಕೇಳಿಸಿದ ನೆನಪಿಲ್ಲ.

"ಎಲ್ಲಿ ಸತ್ತಿದ್ದಿ ಬೇ ಅಕ್ಕಾ?"

ಈಚೆ ದಂಡೆಯಲ್ಲಿಯೇ, ಜಾಲಿಯ ಮರೆಯಲ್ಲಿ, ಮೊಣಕಾಲಿನ ತನಕ ಕೆಸರಾಗಿ ನಿಂತಿದ್ದ. ಅಂಚಿನಲ್ಲಿ ಕೂತೇ ಇದ್ದನಂತೆ. ಆಚೆ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು "ಏಳೋ ಹುಡುಗಾ, ಏಳೋ" ಎಂದು ಒದರಿದ್ದಕ್ಕೆ ಎದ್ದು ಓಡಿದ. ಒಂದು ಚಪ್ಪಲಿ ಅಲ್ಲಿಯೇ ಹೋಯಿತು. "ಆ ನಿಮ್ಮ ಸರ್ ಸಲುವಾಗಿ ನಾ ಸಾಯಬೇಕಾಗಿತ್ತ ಇವತ್ತ," ಅಂದ. ತಿರುಗಿ ನೋಡಿದರೆ ನಮ್ಮ ತರಗತಿಯೆಲ್ಲ ಬಂದಿತ್ತು, ಸರ್ ನನ್ನ ಹಿಂದೆಯೇ ನಿಂತಿದ್ದರು.

ಅವರ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅಂದೇ. ತುಟಿಗಳು ಬಿಳಿಚಿದ್ದವು. ಬೆರಳು ಮಾಡಿ ನಮ್ಮನ್ನು ಎಣಿಸತೊಡಗಿದರು. ನಡುವೆ ತಪ್ಪಿತು. ಮತ್ತೆ ಮೊದಲಿನಿಂದ ಎಣಿಸಿದರು, ಮತ್ತೆ ತಪ್ಪಿತು. ಮೂರು ಅಂಕಿಯ ಗುಣಾಕಾರವನ್ನು ಬಾಯಲ್ಲೇ ಮಾಡುತ್ತಿದ್ದವರಿಗೆ ಒಂದು ತರಗತಿಯ ಮಕ್ಕಳ ಲೆಕ್ಕ ಸಿಗಲಿಲ್ಲ. ಕೊನೆಗೆ ಮೇಡಂ ಬಂದು ಅವರ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, "ಎಲ್ಲಾರೂ ಅದಾರ್ರಿ ಸರ್ರ," ಅಂದರು.

ವಾರ ಕಳೆಯುವುದರೊಳಗೆ ಊರಿಗೆ ಕತೆ ಸಿಕ್ಕಿತ್ತು: ಸರ್ ಕಿಟಕಿಯಿಂದ ಮೋಡ ಕಂಡರು, ಮಕ್ಕಳನ್ನು ತಡೆದರು, ಉಳಿಸಿದರು. ಅಪ್ಪ ತೆಂಗಿನಕಾಯಿ, ಶಾಲು ಹಿಡಿದು ಅವರ ಮನೆಗೆ ಹೋಗಿ ಬಂದ. "ಬ್ಯಾಡಂದ್ರು. ಒಳಗ ಕರದು ಚಾ ಕೊಟ್ಟು ಕಳಿಸಿದ್ರು," ಅಂದ. ಅದನ್ನು ಎಲ್ಲರೂ ದೊಡ್ಡತನ ಅಂದರು.

ನನಗೆ ಅಂದಿನಿಂದಲೂ ಈ ಕತೆಯ ಲೆಕ್ಕ ಹೊಂದುತ್ತಿಲ್ಲ. ಗಂಟೆ ಹೊಡೆದಾಗಲೇ ಬಿಟ್ಟಿದ್ದರೆ ನಾವೂ ತಮ್ಮನೂ ದಾಟಿ ಆಚೆ ದಂಡೆಯಲ್ಲಿರುತ್ತಿದ್ದೆವು. ಮೇಡಂ ಕೇಳಿದಾಗ ಬಿಟ್ಟಿದ್ದರೆ ಬಹುಶಃ ಸೇತುವೆಯ ನಡುವೆ. ಒಂದೇ ತಡ ನನ್ನನ್ನು ಉಳಿಸಿತು, ತಮ್ಮನನ್ನು ನೀರಿನ ಬಾಯಲ್ಲಿ ಕೂರಿಸಿತು. ಮೋಡ ಕಂಡಿದ್ದರೆ ಮೇಡಂಗೆ ಯಾಕೆ ಹೇಳಲಿಲ್ಲ? ಉಳಿದ ಮಕ್ಕಳನ್ನು ಯಾಕೆ ಹೋಗಗೊಟ್ಟರು? ಕಂಡಿರದಿದ್ದರೆ, ನಾವು ಬದುಕಿರುವುದು ನನಗೆ ಒಂದು ಪ್ರಮೇಯ ಬಾರದ ಕಾರಣಕ್ಕೆ. ಎರಡರಲ್ಲಿ ಯಾವುದು ಹೆಚ್ಚು ಹೆದರಿಸುತ್ತದೆ ಎಂದು ಇವತ್ತಿಗೂ ತೀರ್ಮಾನಿಸಲಾರೆ.

ವರ್ಷಗಳಾದ ಮೇಲೆ ಕಲಘಟಗಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ನಿವೃತ್ತರಾಗಿದ್ದರು, ಮಿಶ್ರಿಕೋಟಿಗೆ ಹೊರಟಿದ್ದರು. ನಾನೂ ಗಣಿತ ಕಲಿಸುತ್ತೇನೆ ಅಂದೆ. ತಲೆಯಾಡಿಸಿದರು. ಅಂದು ಮೋಡ ಕಂಡಿದ್ದಿರಾ ಎಂದು ಕೇಳಬೇಕಿತ್ತು, ಬಸ್ಸಿನ ವೇಳೆ ಕೇಳಿದೆ.

"ತಮ್ಮ ಹೆಂಗದಾನ?" ಅವರೇ ಕೇಳಿದರು.

"ಆರಾಮ ಅದಾನ್ರಿ ಸರ್. ಟ್ರ್ಯಾಕ್ಟರ್ ರಿಪೇರಿ ಮಾಡ್ತಾನ."

"ಈಸಾಕ ಬರ್ತೈತೇನ ಅವಗ?"

"ಈಗ ಬರ್ತೈತ್ರಿ."

"ಛಲೋ ಆತು," ಅಂದರು. ಬಸ್ಸು ಬಂತು. ಹತ್ತುವಾಗ ಮತ್ತೆ ಆ ಬೆನ್ನು.

ಈ ಮಳೆಗಾಲದಲ್ಲಿ ಅವರು ತೀರಿಕೊಂಡ ಸುದ್ದಿ ನಮ್ಮ ತರಗತಿಯ ವಾಟ್ಸಾಪ್ ಗುಂಪಿಗೆ ಬಂತು. ಎಲ್ಲರೂ ಮೋಡದ ಕತೆಯನ್ನೇ ಬರೆದರು, ಕೈಮುಗಿದ ಚಿತ್ರಗಳ ಜೊತೆ. ನಾನೂ ಬರೆದೆ, ಅಳಿಸಿದೆ. ತಮ್ಮನಿಗೆ ಫೋನು ಮಾಡಿ ಹೇಳಿದೆ. "ನನ್ನ ಚಪ್ಪಲ್ ಹೊಸಾವು ಇದ್ವು ಅವತ್ತ," ಅಂದ.

ನನ್ನ ತರಗತಿಯಲ್ಲಿಯೂ ಒಂದು ಕಿಟಕಿ ಇದೆ. ಮಕ್ಕಳು ಬೋರ್ಡಿನಲ್ಲಿ ತಡವರಿಸುವಾಗ ಅಲ್ಲಿ ಹೋಗಿ ನಿಲ್ಲುತ್ತೇನೆ. ಮೋಡ ಕಾಣುತ್ತದೆ, ಕೆಲವೊಮ್ಮೆ ಸೀಮೆಸುಣ್ಣದ ಸದ್ದೂ ಕೇಳುತ್ತದೆ. ಗಂಟೆ ಹೊಡೆದರೆ ಒಂದು ಕ್ಷಣವೂ ತಡೆಯದೆ ಬಿಡುತ್ತೇನೆ, ಬಿಟ್ಟ ಮೇಲೆ ಹೆದರುತ್ತೇನೆ.

ಸರ್ ಅಂದು ಆ ಕಿಟಕಿಯಲ್ಲಿ ಏನು ನೋಡುತ್ತಿದ್ದರು?

ಗೊತ್ತಿಲ್ಲ.