ದಲಾಲನ ಬಾಯಿ, ದಲಾಲನ ಬೆರಳು

ನಮ್ಮ ಕಾಡವ್ವಕ್ಕನ ಗಂಡ ಮಡಿವಾಳೆಪ್ಪ ಮುರಗೋಡದ ಎತ್ತಿನ ದಲಾಲ. ಊಟಕ್ಕೆ ಕರೆದರೂ ಕೂಡಲೇ ಹೂಂ ಎಂದವನಲ್ಲ, 'ಏನ್ ಮಾಡೀರಿ, ಮೊದಲ ತೋರಸ್ರಿ' ಎನ್ನುವವರ ಪೈಕಿ. ನಾನು ಅವನನ್ನು ಮಾಮಾ ಎನ್ನುತ್ತೇನೆ. ಸಿಟ್ಟು ಬಂದಾಗ ಏನೇನೋ ಅಂದದ್ದೂ ಉಂಟು.

ದನದ ಪೇಟೆಯಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ದಲಾಲ ಮತ್ತು ಗಿರಾಕಿ ಟಾವೆಲ್ಲಿನ ಕೆಳಗೆ ಕೈ ಸೇರಿಸಿ ಬೆರಳು ಹಿಡಿಯುತ್ತಾರೆ. ಎಷ್ಟು ಬೆರಳು ಹಿಡಿದರೋ ಅಷ್ಟು ಸಾವಿರ. ಬಾಯಿ ಮೇಲೆ ಬೇರೆಯೇ ಆಡುತ್ತಿರುತ್ತದೆ: 'ಈ ಮುದಿ ಎತ್ತು ಯಾವಂಗ ಬೇಕೋ ಮಾರಾಯ!' ಬಾಯಿ ಆಡಿದ್ದು ಸುಳ್ಳೆಂದು ಎಲ್ಲರಿಗೂ ಗೊತ್ತು, ಬೆರಳು ಹೇಳಿದ್ದಷ್ಟೇ ಖರೆ. ಬೆರಳಲ್ಲಿ ಸುಳ್ಳಾಡಿದವನ ಕಡೆಗೆ ಪೇಟೆಯಲ್ಲಿ ಮತ್ತೆ ಯಾರೂ ಕೈ ಚಾಚುವುದಿಲ್ಲ.

ಎರಡು ಸಾವಿರದ ನಾಲ್ಕರ ಹೊತ್ತಿಗೆ ಮಾಮಾನ ಆ ಬೆರಳುಗಳೇ ನಡುಗತೊಡಗಿದವು. ಕುಡಿತ, ಮತ್ತೇನು! ಮುಂಜಾನೆ ಗ್ಲಾಸ್ ಇಳಿಯದಿದ್ದರೆ ಕೈ ನಿಲ್ಲುತ್ತಿರಲಿಲ್ಲ, ಇಳಿದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಸುರೇಬಾನದ ಬುರಾನಸಾಬರ ಎತ್ತಿಗೆ ನಾಲ್ಕು ಸಾವಿರ ಎಂದು ಬೆರಳು ಹಿಡಿದರೆ, ನಡುಕಕ್ಕೆ ಗಿರಾಕಿ ಮೂರೇ ಎಂದು ತಿಳಿದ. ಪೇಟೆಯ ನಡುವೆಯೇ ದೊಡ್ಡ ರಂಪ.

'ಇನ್ನೊಂದ್ ಸಲ ಹಿಂಗಾದ್ರ ನಿಮ್ಮ ಕಡೆ ಬರಂಗಿಲ್ಲ ನೋಡ್ರಿ, ಮಡಿವಾಳೆಪ್ಪಣ್ಣಾ' ಎಂದರು ಬುರಾನಸಾಬರು. ದಲಾಲಿ ಹೋದರೆ ಆ ಮನೆಗೆ ಬೇರೆ ಅನ್ನವಿಲ್ಲ. ಅಕ್ಕ ಕೇಳಿ ಅತ್ತಳು.

ಆಗಲೇ ಬೈಲಹೊಂಗಲಕ್ಕೆ ಗೌರೀಶ ಎಂಬ ಎಳೆಯ ಡಾಕ್ಟರು ಬಂದಿದ್ದರು. ಕುಡಿತ ಬಿಡಿಸುವ ಗುಳಿಗೆಯೊಂದನ್ನು ಅವರು ಪರೀಕ್ಷೆ ಮಾಡುತ್ತಿದ್ದರು. ಗುಳಿಗೆ ಪುಕ್ಕಟೆ, ಆದರೆ ಚಟ ಹತ್ತಿದವರಿಗೆ ಮಾತ್ರ. ಚಟ ಅಳೆಯಲು ಅವರದೊಂದು ದಾರಿ: ಗ್ಲಾಸಿನ ಬೆಲೆ ಏರಿಸುತ್ತ ಹೋಗಿ, ಈ ಬೆಲೆಗೆ ಎಷ್ಟು ಕುಡಿಯುತ್ತೀರಿ ಎಂದು ಕೇಳುವುದು. ಬೆಲೆ ಏರಿದರೂ ಬಿಡದವನ ಚಟ ಗಟ್ಟಿ. ಗುಳಿಗೆ ನುಂಗಿದ ಮೇಲೆ ಮತ್ತೆ ಅದನ್ನೇ ಕೇಳಿದರೆ ಆಸೆ ಎಷ್ಟು ಇಳಿಯಿತೆಂದು ತಿಳಿಯುತ್ತದೆ. ಶಾಣ್ಯಾ ಹುಡುಗ, ಒಪ್ಪೋಣ. ಆದರೆ ಬೆಲೆಯ ಮಾತನ್ನು ಹೋಗಿ ಹೋಗಿ ನಮ್ಮ ಮಾಮಾನ ಹತ್ತಿರ ಆಡುವುದೇ?

ನಾನೂ ಅಕ್ಕನೂ ಅವನನ್ನು ಕರೆದುಕೊಂಡು ಹೋಗಿದ್ದೆವು. ಡಾಕ್ಟರು ಶುರು ಮಾಡಿದರು.

'ಗ್ಲಾಸಿಗೆ ಹತ್ತು ರೂಪಾಯಿ ಆದ್ರ ದಿನಕ್ಕ ಎಷ್ಟು ತಗೋತೀರಿ?'

ಮಾಮಾ ಮುಖ ಸಿಂಡರಿಸಿದ. 'ಹತ್ತು? ತುಪ್ಪ ಮಾರಾಕ್ಹತ್ತೀರೇನ್ರಿ? ಒಂದ ಸಾಕು.'

'ಇಪ್ಪತ್ತಾದ್ರ?'

'ಯಾವಂಗ ಬೇಕ್ರಿ! ನಿಮ್ಮ ಹತ್ರನ ಇಟ್ಕೊಳ್ರಿ.' ಮಾಮಾ ಎದ್ದು ಬಾಗಿಲ ಕಡೆ ನಡೆದ. ಹಿಂದಿನಿಂದ ಕರೆದು ಬೆಲೆ ಇಳಿಸುತ್ತಾರೆಂದು ಬಹಳ ನಿಧಾನವಾಗಿ ನಡೆದ.

ಡಾಕ್ಟರು ಕರೆಯಲಿಲ್ಲ. ಅಕ್ಕನ ಕಡೆ ತಿರುಗಿ ನಕ್ಕರು. 'ಒಳ್ಳೆ ಸುದ್ದಿ ಅಕ್ಕಾರ. ಇಪ್ಪತ್ತಕ್ಕನ ಬಿಟ್ರು. ಇವರಿಗೆ ಚಟಾನ ಇಲ್ಲ, ಗುಳಿಗಿ ಬ್ಯಾಡ.'

'ಚಟ ಇಲ್ಲ?' ಅಕ್ಕ ಸೆರಗನ್ನು ಸೊಂಟಕ್ಕೆ ಸಿಗಿಸಿದಳು. 'ಹಂಗಾರ ದಿನಾ ಗಟಾರದಾಗಿಂದ ನಾ ಎಬ್ಬಿಸಿ ತರೋದು ಯಾರನ್ರೀ? ಚೌಕಾಶಿ ಮಾಡಾಕ್ಹತ್ತಾರ್ರೀ ಸಾಹೇಬ್ರ, ಚೌಕಾಶಿ! ದಲಾಲನ ಬಾಯಿ ಯಾರರ ನಂಬ್ತಾರೇನು? ಟಾವೆಲ್ ಹಾಕಿ ಕೇಳ್ರಿ.'

ಪಾಪ, ಡಾಕ್ಟರು ಅದಕ್ಕೂ ಒಪ್ಪಿ, ಬಾಗಿಲ ಹತ್ತಿರವಿದ್ದ ಮಾಮಾನನ್ನು ಕರೆದು ಕೂರಿಸಿದರು. ಎಷ್ಟು ಬೆರಳೋ ಅಷ್ಟು ಗ್ಲಾಸು. ಮಾಮಾನ ಹೆಗಲ ಟಾವೆಲ್ಲಿನ ಕೆಳಗೆ ಕೈ ಹಾಕಿ ಹತ್ತು, ಇಪ್ಪತ್ತು, ಐವತ್ತು ಎಂದು ಕೇಳುತ್ತ ಹೋದರು. ಬಾಯಿ 'ಥೂ, ತುಟ್ಟಿ, ಬ್ಯಾಡ' ಎನ್ನುತ್ತಲೇ ಇತ್ತು. ಕೆಳಗೆ ಬೆರಳುಗಳು ಹಿಡಿಯುವುದು, ಜಾರುವುದು, ಮತ್ತೆ ಹಿಡಿಯುವುದು. ಡಾಕ್ಟರು ಬೆವತರು.

'ಬಾಳ ನಡಗ್ತಾವ್ರೀ. ಎರಡೋ ಐದೋ ಒಂದೂ ತಿಳೀವಲ್ದು' ಎಂದು ಕೈ ಹೊರಗೆ ತೆಗೆದರು.

'ಸರೀರಿ ಅತ್ಲಾಗ' ಎಂದಳು ಅಕ್ಕ. ಹೆಂಗಸರು ಟಾವೆಲ್ಲಿನ ಕೆಳಗೆ ಕೈ ಹಾಕಿದ್ದನ್ನು ನಾನು ಯಾವ ಪೇಟೆಯಲ್ಲೂ ಕಂಡಿಲ್ಲ. ಅಕ್ಕ ಹಾಕಿದಳು. ಮಾಮಾ ಬೆಚ್ಚಿಬಿದ್ದ.

'ಈಗ ನಾ ಕೇಳ್ತೇನಿ. ಗ್ಲಾಸಿಗೆ ರೊಕ್ಕ ಬ್ಯಾಡ್ರಿ. ನೀವು ಕುಡದ್ರ ನಾ ತವರಮನಿಗೆ ಹೋಗತೇನಿ, ತಿರುಗಿ ಬರಂಗಿಲ್ಲ. ಇದ ಬೆಲಿ. ಎಷ್ಟ ತಗೋತೀರಿ?'

'ಏ ಹುಚ್ಚಿ! ನಿನ್ನಾಣಿ, ಒಂದ್ ಹನಿ ಮುಟ್ಟಂಗಿಲ್ಲ!' ಎಂದಿತು ಬಾಯಿ.

ಅಕ್ಕ ಕೈ ತೆಗೆಯಲಿಲ್ಲ. ಟಾವೆಲ್ ನಡುಗುತ್ತಿತ್ತು. ಮಾಮಾ ತಲೆ ತಗ್ಗಿಸಿದ. ಅವನ ಕಣ್ಣಲ್ಲಿ ನೀರು ಕಂಡು ನನಗೆ ಸಂಕಟವಾಯಿತು. ಎಂದೂ ಹಾಗೆ ಆಗಿರಲಿಲ್ಲ.

'ಎಷ್ಟಂದ್ರು?' ಡಾಕ್ಟರು ಮೆಲ್ಲಗೆ ಕೇಳಿದರು.

ಅಕ್ಕ ಕೈ ಹೊರಗೆ ತೆಗೆದು ಸೆರಗಿನಿಂದ ಮುಖ ಒರೆಸಿಕೊಂಡಳು.

'ಐದ್ರಿ. ಐದೂ ಬೆರಳು ಹಿಡದ್ರು. ಇವರ ನಡುಕ ನನಗ ಗೊತ್ತೈತಿ, ತಪ್ಪಂಗಿಲ್ಲ. ಖರೇ ಹೇಳ್ಯಾರ. ಗುಳಿಗಿ ಕೊಡ್ರಿ ಸಾಹೇಬ್ರ, ನಾ ಎಲ್ಲೂ ಹೋಗಂಗಿಲ್ಲ.'