ಅಕ್ಕನ ತೆಂಗಿಗೆ ಸುಕ್ಕುಗುಂಡು

ನನ್ನಲ್ಲಿ ಒಂದು ಕೋವಿ ಉಂಟು. ಅಪ್ಪನ ಕಾಲದ್ದು, ನಳಿಗೆಯ ಬಾಯಿಂದ ಮದ್ದು ತುಂಬುವಂಥದ್ದು, ತೋಟದ ರಕ್ಷಣೆಗೆಂದು ಲೈಸನ್ಸ್ ಇರುವಂಥದ್ದು. ಅದನ್ನು ಹೆಗಲಿಗೇರಿಸಿದಾಗ ನಾನು ಭಾರೀ ಜನ. ಕೆಳಗಿಟ್ಟರೆ, ಹೆಂಡತಿಯ ಲೆಕ್ಕದಲ್ಲಿ, ಸಕ್ಕರೆ ಡಬ್ಬಿಯ ಮುಚ್ಚಳ ಸರಿಯಾಗಿ ಹಾಕಲು ಬಾರದ ಮನುಷ್ಯ.

ಮಂಡೆಕೋಲಿನಲ್ಲಿರುವ ಅಕ್ಕ ಒಂದು ದಿನ ಫೋನ್ ಮಾಡಿದಳು. ಮಂಗಗಳು ಅವಳ ತೆಂಗಿನ ಎಳೆ ಬೊಂಡವನ್ನೆಲ್ಲ ಕಿತ್ತು ಹಾಕುತ್ತಿದ್ದವು. "ಮಳೆಗಾಲದ ಮೊದಲು ಇದಕ್ಕೊಂದು ಗತಿ ಕಾಣದಿದ್ರೆ ಮರ ಕಡಿಸಿ ರಬ್ಬರ್ ಹಾಕುದು. ಅದಕ್ಕೆ ಜನವೂ ನೋಡಿ ಆಗಿದೆ. ನೀನು ಬಂದು ಎರಡು ಸಲ ಕೋವಿ ಹೊಡೆದು ಹೋಗು" ಎಂದಳು. ಅವು ಅಪ್ಪ ಆರಿಸಿಟ್ಟ ಬೀಜದ ಕಾಯಿಯ ಮರಗಳು. ಅವಳ ಮದುವೆಯಾದ ವರ್ಷ ಸಸಿಗಳನ್ನು ಜೀಪಿನಲ್ಲಿ ಕೊಂಡುಹೋಗಿ ನೆಟ್ಟವನು ನಾನೇ. ನಮ್ಮಲ್ಲಿದ್ದ ತಾಯಿಮರ ಸಿಡಿಲಿಗೆ ಹೋಗಿ ಎಷ್ಟೋ ಕಾಲ ಆಯಿತು.

ಮಾರನೆಯ ದಿನವೇ ಹೋಗಬಹುದಿತ್ತು. ಆದರೆ ಗುಂಡು ಇರಲಿಲ್ಲ. "ಮಂಗನಿಗೆ ಶಬ್ದ ಸಾಕು ಮಾರಾಯ" ಎಂದಳು ಅಕ್ಕ. ಕೋವಿ ಎತ್ತಿದ ಮೇಲೆ ಗುಂಡಿಲ್ಲದೆ ಹೊಡೆಯುವುದುಂಟೇ? ನನಗೂ ಒಂದು ಮರ್ಯಾದೆ ಬೇಡವೇ? ಇಕ್ಕುಳದಂಥ ಹಳೆಯ ಗುಂಡಿನ ಅಚ್ಚನ್ನು ಅಟ್ಟದಿಂದ ಇಳಿಸಿದೆ. ದನದ ಹಟ್ಟಿಯ ಆಚೆ ತೆಂಗಿನ ಗೆರಟೆಯ ಬೆಂಕಿ ಮಾಡಿ, ಕಬ್ಬಿಣದ ಸೌಟಿನಲ್ಲಿ ಸೀಸ ಕರಗಿಸಿದೆ.

ಗುಳಿಯಪ್ಪದ ಕಾವಲಿಗೆ ಎಣ್ಣೆ ಸವರುವುದನ್ನು ನೋಡಿ ಬೆಳೆದವನಲ್ಲವೇ? ಅಂಟಬಾರದೆಂದು ಅಚ್ಚಿಗೂ ತೆಂಗಿನೆಣ್ಣೆ ಸವರಿದೆ. ಸೀಸ ಹೊಯ್ದದ್ದೇ ಚುಂಯ್ ಎಂದು ಹೊಗೆ ಎದ್ದಿತು. ಬಿಡಿಸಿ ನೋಡಿದರೆ ಗುಂಡಿನ ಮೈತುಂಬ ಸುಕ್ಕು, ಕುಳಿ. ಸೀಸವೇ ಸರಿ ಇಲ್ಲ ಅಂದೆ. ಕುಣಿಯಲಾರದವಳಿಗೆ ಅಂಗಳ ಡೊಂಕು. ಹೆಂಡತಿ ದೂರದಿಂದಲೇ, "ಹಿಟ್ಟು ಹುಳಿ ಬರ್ಲಿಲ್ವಾ ಎಂತ?" ಎಂದು ಕೇಳಿದಳು. ಆ ಸೌಟು ಇನ್ನು ಅಡಿಗೆಮನೆಗೆ ಬಂದರೆ ತಾನು ತವರಿಗೆ ಎಂದೂ ಹೇಳಿದಳು.

ಎಣ್ಣೆ ತೊಳೆದು ಒಣಗಿಸಿದೆ. ಕುಳಿ ಹೋಯಿತು, ಸುಕ್ಕು ಉಳಿಯಿತು. ಅಚ್ಚು ತಣ್ಣಗಿದ್ದರೆ ಸೀಸ ಪೂರ್ತಿ ತುಂಬುವ ಮೊದಲೇ ಗಟ್ಟಿಯಾಗುತ್ತದೆ ಎಂದು ನನ್ನ ಮಂಡೆಗೆ ಹೊಳೆಯಲು ಮತ್ತಷ್ಟು ದಿನ ಬೇಕಾಯಿತು. ಅಚ್ಚು ಕಾಯಿಸಿದೆ. ನಾನು ಕಾಯಿಸಿದರೆ ಕಾಯಿಸಿದ್ದೇ. ಈಗ ಬಿಸಿ ಹೆಚ್ಚಾಗಿ, ಗುಂಡು ಬೂಷ್ಟು ಹಿಡಿದ ಕೊಬ್ಬರಿಯ ಹಾಗೆ ಬಿಳಿಚಿಕೊಂಡು ಬಂತು.

ಅಕ್ಕ ಫೋನ್ ಮಾಡುತ್ತಲೇ ಇದ್ದಳು. ಬಣ್ಣ ಸರಿ ಬರಲಿಲ್ಲ ಎಂದೆ.

"ಮಂಗನಿಗೆ ಹೆಣ್ಣು ನೋಡ್ಲಿಕ್ಕೆ ಹೋಗುದಾ ನೀನು?" ಎಂದಳು.

ಒಂದು ಭಾನುವಾರ ಅವಳೇ ಬಂದಳು. ಹಾಳಾದ ಗುಂಡುಗಳ ಡಬ್ಬಿ ನೋಡಿ, ಇದನ್ನು ಎಂತ ಮಾಡುದು ಎಂದು ಕೇಳಿದಳು. ಪುನಃ ಕರಗಿಸುದು ಅಂದೆ. ಹೋಗುವಾಗ ಆ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು. ಸಿಟ್ಟಿನಲ್ಲಿ ಹೊಳೆಗೆ ಎಸೆಯಲಿಕ್ಕೆ ಎಂದುಕೊಂಡೆ.

ಕಡೆಗೂ ಹದ ಸಿಕ್ಕಿತು. ಕನ್ನಡಿಯಂಥ ಗುಂಡುಗಳು. ಆ ವಾರವೇ ಚುನಾವಣೆ ಘೋಷಣೆಯಾಯಿತು. ಚುನಾವಣೆ ಬಂತೆಂದರೆ ನಮ್ಮ ಕೋವಿಗಳನ್ನೆಲ್ಲ ಪೊಲೀಸ್ ಠಾಣೆಯಲ್ಲಿ ಇಡಬೇಕು, ನನ್ನದೂ ಹೋಯಿತು. ಠಾಣೆಯ ಮೆಟ್ಟಿಲಿಳಿಯುವಾಗ ನನ್ನ ಮೇಲೇ ಹೇಸಿಗೆಯಾಯಿತು. ಇಂಥ ಮಂಗನನ್ನು ನಂಬಿ ಅಕ್ಕ ಆ ಮಂಗಗಳಿಗೆ ಮರ ಕಳಕೊಳ್ಳುವ ಹಾಗಾಯಿತಲ್ಲ. ಮುಖ ಕೊಟ್ಟೇ ಹೇಳಬೇಕೆಂದು ನೇರ ಮಂಡೆಕೋಲಿಗೆ ಹೋದೆ.

ಅಂಗಳಕ್ಕೆ ಕಾಲಿಟ್ಟರೆ ತೋಟದಲ್ಲಿ ಠಣ್ ಎಂದು ಸದ್ದು. ಅಕ್ಕ ಕ್ಯಾಟರ್‌ಬಿಲ್ಲಿನ ರಬ್ಬರ್ ಎಳೆದು ನಿಂತಿದ್ದಳು. ತೆಂಗಿನ ಮರಗಳ ನಡುವೆ ಹಳೆಯ ತಗಡಿನ ಶೀಟು ತೂಗಾಡುತ್ತಿತ್ತು. ನನ್ನ ಹಾಳಾದ ಗುಂಡು ಅದಕ್ಕೆ ತಾಗಿದಾಗೆಲ್ಲ ಮಂಗಗಳು ಗುಡ್ಡೆಗೆ ಓಡುತ್ತಿದ್ದವು. ಮರದಲ್ಲಿ ಬೊಂಡ ಉಳಿದಿತ್ತು. "ರಬ್ಬರಿನ ಜನಕ್ಕೆ ಬರುದು ಬೇಡ ಅಂದೆ" ಎಂದಳು. ನನಗೆ ಅಳುವೇ ಬಂತು. ಬೆವರು ಒರೆಸುವ ಹಾಗೆ ಮಾಡಿದೆ.

ಕಿಸೆಯಿಂದ ನನ್ನ ಹೊಳೆಯುವ ಗುಂಡುಗಳನ್ನು ತೆಗೆದು ಕೊಟ್ಟೆ. ಒಂದನ್ನು ಬೆರಳಲ್ಲಿ ಉರುಳಿಸಿ ವಾಪಸು ಕೊಟ್ಟಳು. "ಇದು ಜಾರ್ತದೆ. ಮೊದಲಿನದ್ದೇ ಮಾಡು, ಸುಕ್ಕು ಇದ್ದದ್ದು."

ಹಾಗಾಗಿ ಈಗ ಪುನಃ ಹಟ್ಟಿಯ ಆಚೆ ಕೂತು, ಬೇಕೆಂದೇ ತಣ್ಣಗಿನ ಅಚ್ಚಿಗೆ ತೆಂಗಿನೆಣ್ಣೆ ಸವರಿ ಸೀಸ ಹೊಯ್ಯುತ್ತೇನೆ. ಕಳೆದ ಸಲದ್ದನ್ನು ಅಕ್ಕ ವಾಪಸು ಕಳಿಸಿದ್ದಾಳೆ. ಸುಕ್ಕು ಸಾಲದಂತೆ.